ಮೊರೇರ ಗುಡ್ಡ ಹತ್ತುವ ಮಗಳಿಗೊಂದು ಪತ್ರ

ಕೊಪ್ಪಳ

ಮಗಳೇ,

ಮೂರು ದಿನದ ಮೌನ ಶಿಬಿರಕ್ಕೆ ನಮ್ಮ ಹಿರೇಬೆಣಕಲ್ಲಿನ ಮೊರೇರ ಗುಡ್ಡಕ್ಕೆ ಬರುತ್ತೀಯ ಅಂತ ಕೇಳಿದಾಗಿನಿಂದ ನಿಮ್ಮಪ್ಪನಿಗೆ ಕರಡಿ, ಚಿರತೆಗಳದ್ದೇ ಚಿಂತೆ. ಆದರೆ ಇಂಥ ಶಿಬಿರ ಕೆಡಿಸುವುದು ಕರಡಿಯಲ್ಲ, ಚಹಾ.

ದಿನಕ್ಕೆ ನಾಲ್ಕು ಕಪ್ ಕುಡಿಯುವವಳು ಒಮ್ಮೆಲೇ ಬಿಟ್ಟರೆ ಒಂದು ದಿನದೊಳಗೆ ತಲೆನೋವು ಹಿಡಿಯುತ್ತದೆ, ಎರಡನೇ ದಿನ ಜೋರಾಗುತ್ತದೆ. ಅಂದರೆ ಸರಿಯಾಗಿ ಶಿಬಿರದ ನಟ್ಟನಡುವೆ! ಹದಿನೈದು ದಿನ ಮೊದಲೇ ಮೂರು ಕಪ್ಪಿಗೆ ಇಳಿಸು. ನಾಲ್ಕು ದಿನ ಬಿಟ್ಟು ಎರಡು, ಮತ್ತೆ ನಾಲ್ಕು ದಿನಕ್ಕೆ ಒಂದು, ಹೊರಡುವ ಮೂರು ದಿನ ಮುಂಚೆ ಪೂರ್ತಿ ನಿಲ್ಲಿಸು. ಮೊಬೈಲನ್ನೂ ಹೀಗೇ ಇಳಿಸುತ್ತಾ ಬಾ. ಮೊದಲು ಊಟದ ಹೊತ್ತಿಗೆ ಬೇಡ, ಆಮೇಲೆ ಹಾಸಿಗೆಗೆ ಬೇಡ.

ಎರಡನೆಯದು ಕಾಲು. ಬೂಟನ್ನು ಸಂಜೆ ಕೊಳ್ಳು, ಆಗ ಪಾದ ಸ್ವಲ್ಪ ಊದಿರುತ್ತದೆ. ಶಿಬಿರಕ್ಕೆ ಹಾಕುವ ಸಾಕ್ಸನ್ನೇ ಹಾಕಿ ಹತ್ತು ದಿನ, ದಿನಕ್ಕೊಂದು ತಾಸು ನಡೆ. ಚಪ್ಪಲಿ ಬೇಡವೇ ಬೇಡ, ಇಲ್ಲಿಯ ಜಾಲಿ ಮುಳ್ಳು ತೆಳು ಅಟ್ಟೆಯನ್ನು ತೂರಿಕೊಂಡು ಬರುತ್ತದೆ. ಉಗುರು ಕತ್ತರಿಸಿಕೋ, ಇಳಿಯುವಾಗ ಬೂಟಿನ ತುದಿಗೆ ಬಡಿದು ಕಪ್ಪಾಗುತ್ತವೆ. ಹಿಮ್ಮಡಿ ಉರಿದ ಕೂಡಲೇ ನಿಂತು ಟೇಪ್ ಅಂಟಿಸು. ಗುಳ್ಳೆ ಎದ್ದ ಮೇಲೆ ಅಂಟಿಸಿ ಉಪಯೋಗವಿಲ್ಲ. "ಗುಂಪು ಕಾಯುತ್ತದಲ್ಲ" ಅಂತ ನಾಚಿಕೊಂಡವರೇ ಮರುದಿನ ಕುಂಟುವವರು.

ದಿನಕ್ಕೆ ನಾಲ್ಕು ಲೀಟರ್ ನೀರು ಲೆಕ್ಕ ಹಾಕು, ಹತ್ತುವಾಗಲೇ ಮೂರು ಲೀಟರ್ ಬೆನ್ನ ಮೇಲಿರಲಿ. ಬೆವರು ಸುರಿದರೆ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಕುಡಿ. ಟೀ ಚಮಚವೇ ಆಗಬೇಕು, ಗೋಪುರ ಬೇಡ, ಸಮವಾಗಿ ತೆಗೆ. ಉಪ್ಪು ಹೆಚ್ಚಾದರೆ ಅದೇ ಅಪಾಯ. ನಮ್ಮ ಬಂಡೆಗಳು ಹನ್ನೊಂದಕ್ಕೆಲ್ಲ ಹಂಚಿನಂತೆ ಕಾಯುತ್ತವೆ, ಅಷ್ಟರೊಳಗೆ ನೆರಳು ಹಿಡಿ.

ಗುಡ್ಡದ ಮೇಲೆ ಪ್ರಾಚೀನ ಕಾಲದ ಸುಮಾರು 400 ಶಿಲಾಸಮಾಧಿಗಳಿವೆ. ನಿಲ್ಲಿಸಿದ ಚಪ್ಪಡಿಗಳ ಮೇಲೆ ಇನ್ನೊಂದು ಚಪ್ಪಡಿ, ಗಾರೆಯಿಲ್ಲ, ಬರೀ ಭಾರದಿಂದ ನಿಂತಿವೆ. ಒಳಗೆ ಕೂತು ಧ್ಯಾನ ಮಾಡುವ ಆಸೆ ಯಾರಿಗಾದರೂ ಬರುತ್ತದೆ, ನಿನಗೆ ಬಾರದಿರಲಿ. ಒರಗಲೂ ಬೇಡ. ಅದು ಸಂರಕ್ಷಿತ ಸ್ಮಾರಕ. ರಾತ್ರಿ ಅಲ್ಲೇ ಡೇರೆ ಹಾಕೋಣ ಅನ್ನುವ ಗೈಡ್ ಇದ್ದರೆ ಶಿಬಿರವನ್ನೇ ಬಿಡು. ತಂಗುವುದು ಕೆಳಗಿನ ಊರ ಕಡೆಯೇ ಸರಿ. ಒಬ್ಬ ಗೈಡಿಗೆ ಎಷ್ಟು ಜನ, ಗಂಗಾವತಿ ಆಸ್ಪತ್ರೆಗೆ ಒಯ್ಯಲು ಗಾಡಿ ಸದಾ ಇರುತ್ತದೋ, ಅಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಇದೆಯೋ, ಇದನ್ನೆಲ್ಲ ಹಣ ಕಟ್ಟುವ ಮೊದಲೇ ಕೇಳು.

ಹಾವು ಕಚ್ಚಿದರೆ ಬ್ಲೇಡು ಬೇಡ, ಬಿಗಿ ಕಟ್ಟು ಬೇಡ. ಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿಸು. ಬಂಡೆಯ ಚಾಚಿಗೆ ಹೆಜ್ಜೇನು ಕಟ್ಟಿರುತ್ತದೆ, ಅತ್ತರು, ಊದುಬತ್ತಿ ಎರಡನ್ನೂ ಮನೆಯಲ್ಲೇ ಬಿಡು. ಎದ್ದು ಬಂದರೆ ಮುಖ ಮುಚ್ಚಿಕೊಂಡು ಓಡು, ಕೈ ಬೀಸುತ್ತ ನಿಲ್ಲಬೇಡ. ನಿಮ್ಮಪ್ಪನ ಕರಡಿ ಮುಸ್ಸಂಜೆಯಿಂದ ನಸುಕಿನವರೆಗೆ ಓಡಾಡುವ ಪ್ರಾಣಿ. ಆ ಹೊತ್ತಲ್ಲಿ ಬಯಲಿಗೆ ಹೋಗಬೇಕಾದರೆ ಜೊತೆಗಾತಿ, ಟಾರ್ಚು, ಜೋರು ಮಾತು ಮೂರೂ ಇರಲಿ. ಮೌನವ್ರತ ಆಗ ಲೆಕ್ಕಕ್ಕಿಲ್ಲ.

ಮುಟ್ಟಿನ ದಿನ ಈಗಲೇ ಎಣಿಸಿಕೋ. ಬಂದರೂ ಅಡ್ಡಿಯಿಲ್ಲ, ಬಳಸಿದ ಪ್ಯಾಡನ್ನು ಗುಡ್ಡದಲ್ಲಿ ಹೂಳದೆ ದಪ್ಪ ಕವರಿನಲ್ಲಿ ವಾಪಸ್ ತಾ.

ಒಂದು ಹೊತ್ತಿನ ಉಪವಾಸ ಇರುತ್ತದಂತೆ. ಹಿಂದಿನ ರಾತ್ರಿ ಹೊಟ್ಟೆ ಬಿರಿಯುವಂತೆ ಉಣ್ಣಬೇಡ. ಬಿಡುವಾಗ ಮೊದಲು ಜೋಳದ ಅಂಬಲಿ, ಗಂಟೆ ಬಿಟ್ಟು ಊಟ. ಕೆಳಗೆ ಇಳಿದ ಕೂಡಲೇ ಮಿರ್ಚಿ, ಮಂಡಕ್ಕಿಗೆ ಓಡಿದರೆ ಎದೆಯುರಿ ಖಂಡಿತ.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿರುತ್ತೇನೆ. ಮೌನದ ಊಟದಲ್ಲಿ ರೊಟ್ಟಿ ಮುರಿದರೆ ಇಡೀ ಪಂಕ್ತಿಗೆ ಕೇಳುತ್ತದೆ, ಮೊದಲೇ ಮಜ್ಜಿಗೆಯಲ್ಲಿ ನೆನೆಹಾಕು.

ನಿನ್ನ ಅವ್ವ