ಸಂಜೆ ಶಾಲೆಗೆ ಹತ್ತು ತುಂಬಿತು: ಹೆಸರು ಹಾಕಬೇಡಿ ಅಂದವರಿಗೆಲ್ಲ ನಮಸ್ಕಾರ

ಮಂಡ್ಯದ ಹೊರಗೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬು ಕಡಿಯುವವರ ಮಕ್ಕಳಿಗಾಗಿ ನಾವು ನಡೆಸುತ್ತಿರುವ ಸಂಜೆ ಶಾಲೆಗೆ ಈ ವರ್ಷ ಹತ್ತು ತುಂಬಿತು. ಹೋದ ಭಾನುವಾರ ಮಕ್ಕಳ ನಾಟಕವೂ ಆಯಿತು. ಮೇ ತಿಂಗಳ ಗಾಳಿಮಳೆಗೆ ಶೆಡ್ಡಿನ ಶೀಟುಗಳೆಲ್ಲ ಹಾರಿ ಪಕ್ಕದ ಗದ್ದೆಗೆ ಬಿದ್ದ ದಿನ, ಇವೆರಡೂ ಆಗುತ್ತವೆಂದು ನಮ್ಮ ಸಮಿತಿಯಲ್ಲೇ ಯಾರೂ ನಂಬಿರಲಿಲ್ಲ. ಕೈಹಿಡಿದವರಿಗೆ ವೇದಿಕೆಯಲ್ಲಿ ಶಾಲು ಹೊದಿಸೋಣವೆಂದು ಕರೆದೆವು. ಅರ್ಧಕ್ಕರ್ಧ ಜನ ಬರಲಿಲ್ಲ. ಬಂದವರು ಹಿಂದಿನ ಸಾಲಿನಲ್ಲಿ ಕೂತು ನಾಟಕ ನೋಡಿ ಎದ್ದುಹೋದರು. "ಹೆಸರು ಗಿಸರು ಹಾಕ್ಬೇಡಿ ಸಾ" ಅಂದವರೇ ಹೆಚ್ಚು. ಅದಕ್ಕೇ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಯಾರು ಯಾರೆಂದು ಅವರವರಿಗೆ ಗೊತ್ತಾಗುತ್ತದೆ.

ದೂರದ ಊರಿನ ಓದುಗರಿಗೆ ಎರಡು ಮಾತು. 1933ರಲ್ಲಿ ಮೈಶುಗರ್ ಸಕ್ಕರೆ ಕಂಪನಿ ಸ್ಥಾಪನೆಯಾದ ಜಿಲ್ಲೆ ಇದು. ಕಾರ್ಖಾನೆಗಳಿಗೂ ಆಲೆಮನೆಗಳಿಗೂ ಕಬ್ಬು ಸಾಗುತ್ತಲೇ ಇರುತ್ತದೆ. ಕಡಿದ ಕಬ್ಬನ್ನು ಇಟ್ಟುಕೊಂಡು ಕೂರುವ ಹಾಗಿಲ್ಲ. ತಡವಾದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಕೂಲಿ ಟನ್ ಲೆಕ್ಕ. ಮೇಸ್ತ್ರಿಯಿಂದ ಮುಂಗಡ ಪಡೆದು ಬಳ್ಳಾರಿ ಕಡೆಯಿಂದ ಬರುವ ಗಂಡ ಹೆಂಡತಿ ನಸುಕಿಗೇ ಗದ್ದೆಗೆ ಇಳಿಯುತ್ತಾರೆ. ಗುಡಾರದಲ್ಲಿ ಉಳಿಯುವ ಎಂಟು ವರ್ಷದ ಹುಡುಗಿ ಎರಡು ವರ್ಷದ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಗಂಜಿ ಕಾಯಿಸುತ್ತಾಳೆ. ಊರಲ್ಲಿ ಅವಳ ಹೆಸರು ಯಾವುದೋ ಹಾಜರಿ ಪುಸ್ತಕದಲ್ಲಿ ಇದ್ದೇ ಇರುತ್ತದೆ.

ಮೊದಲ ನಮಸ್ಕಾರ ಇಲ್ಲಿನ ಸರ್ಕಾರಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಗೆ. ಟಿ.ಸಿ. ಇಲ್ಲ, ಆಧಾರ್ ಇಲ್ಲ, ಅಪ್ಪನ ಫೋನ್ ಸ್ವಿಚ್ ಆಫ್. ಇಂಥ ಮಕ್ಕಳನ್ನು ಕರೆದುಕೊಂಡು ಹೋದಾಗ ಅವರು ಒಂದು ಪ್ರಶ್ನೆಯನ್ನೂ ಕೇಳದೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡರು. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದೂ ಅದನ್ನೇ: ಟಿ.ಸಿ. ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಕಾಯ್ದೆ ಎಲ್ಲ ಕಡೆಯೂ ಇದೆ, ಅದನ್ನು ಓದಿಕೊಂಡಿರುವವರು ಕಡಿಮೆ. ಸೀಸನ್ ಮುಗಿದು ಮಕ್ಕಳು ಹೊರಡುವಾಗ ಏನೇನು ಕಲಿತಿದ್ದಾರೆಂದು ಒಂದು ಹಾಳೆಯಲ್ಲಿ ಬರೆದು, ಸೀಲು ಒತ್ತಿ, ತಾಯಿಯ ಕೈಗೆ ಕೊಡುವುದು ಅವರೇ ಮಾಡಿಕೊಂಡ ಪದ್ಧತಿ.

ಇನ್ನು ಡ್ರಾಮಾ ಮೇಷ್ಟ್ರು. ಇವರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು.

ನಮ್ಮ ಕಡೆ ಪೌರಾಣಿಕ ನಾಟಕವೆಂದರೆ ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನನಿಗೆ ಜಾಸ್ತಿ, ದ್ವಾರಪಾಲಕನಿಗೆ ಕಮ್ಮಿ. ತಿಂಗಳುಗಟ್ಟಲೆ ತಾಲೀಮು, ಆಮೇಲೆ ಬಾಡಿಗೆ ಸೀನರಿ, ರಾತ್ರಿಯಿಡೀ ಆಟ. ಹೀಗೆ ಊರೂರು ತಿರುಗಿ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು, ನಮ್ಮ ಮಕ್ಕಳಿಂದ ಒಂದು ಪೈಸೆ ಮುಟ್ಟದೆ ವಾರಕ್ಕೆ ಮೂರು ಸಂಜೆ ಬಂದರು. ಕೃಷ್ಣ ಕೌರವರ ಸಭೆಗೆ ಬಂದು ಪಾಂಡವರಿಗೆ ಐದೇ ಐದು ಊರು ಕೇಳುವ ಪ್ರಸಂಗವನ್ನು ಆರಿಸಿದ್ದು ಅವರೇ.

ಪುಸ್ತಕ ಕೊಡಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂರಿಸಿ ಒಂದೊಂದು ಸಾಲನ್ನೂ ಬಾಯಲ್ಲೇ ಹೇಳಿಸಿದರು, ಶ್ರುತಿ ತಪ್ಪಿದರೆ "ಲೇ, ಎತ್ಲಾಗ್ ಹೋದ್ಯೋ" ಎಂದು ಗದರಿದರು. ಸಾಲು ಬಾಯಿಗೆ ಕೂತ ಮೇಲೆ ನಮ್ಮ ಟೀಚರಮ್ಮ ಅದನ್ನೇ ಡ್ರಾಯಿಂಗ್ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರು. ಈಕೆ ಚಿಕ್ಕವಳಿದ್ದಾಗ ಮೈಸೂರಿನ ನಾಟಕ ಸಂಸ್ಥೆ ರಂಗಾಯಣ ಮಕ್ಕಳಿಗಾಗಿ ನಡೆಸುವ ಬೇಸಿಗೆ ಶಿಬಿರ ಚಿಣ್ಣರ ಮೇಳದಲ್ಲಿ ಕುಣಿದವರು. 1989ರಲ್ಲಿ ಬಿ.ವಿ. ಕಾರಂತರು ಅಲ್ಲಿ ಹಾಕಿದ ಬೀಜದ ಒಂದು ಸಸಿ ನಾಲೆ ಪಕ್ಕದಲ್ಲೂ ಎದ್ದಿದೆ ಅಂತ ನಾನು ರೇಗಿಸುತ್ತಿರುತ್ತೇನೆ. ಮಗುವಿಗೆ ಸಾಲು ಮೊದಲೇ ಗೊತ್ತು. "ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನು" ಎಂದು ಬೆರಳಿಟ್ಟು ಹೇಳುತ್ತ ಹೋದರೆ ಸೂಜಿ ಎಲ್ಲಿದೆ, ನೆಲ ಎಲ್ಲಿದೆ ಎಂದು ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ ಹಾಳೆಯನ್ನು ಪದ ಪದವಾಗಿ ಕತ್ತರಿಸಿ, ಕಲೆಸಿ, ಮತ್ತೆ ಜೋಡಿಸುವ ಆಟ. ಒತ್ತಕ್ಷರ ಕಂಡರೆ ಓಡಿಹೋಗುತ್ತಿದ್ದ ಹುಡುಗನೊಬ್ಬ "ದುರ್ಯೋಧನ"ದ ಅರ್ಕಾವತ್ತನ್ನು ನೆಲದ ಮೇಲೆಲ್ಲ ಸೀಮೆಸುಣ್ಣದಲ್ಲಿ ಬರೆದಿಟ್ಟ. ವರ್ಣಮಾಲೆಯ ಚಾರ್ಟಿನಿಂದ ಆಗದ್ದು ಇದರಿಂದ ಆಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕಲೆ ಬೇರೆ, ಓದು ಬೇರೆ ಎಂದು ನೆರವಿನ ಅರ್ಜಿಯಲ್ಲಿ ಎರಡು ಕಾಲಂ ಮಾಡಿಟ್ಟವರು ಒಮ್ಮೆ ಬಂದು ನೋಡಬೇಕು.

ಶೀಟು ಹಾರಿದ ಮೇಲೆ ಎರಡು ತಿಂಗಳು ಶಾಲೆ ನಡೆದದ್ದು ಆಲೆಮನೆಯಲ್ಲಿ. ಯಜಮಾನರು ಬೆಲ್ಲ ಜೋಡಿಸಿಡುವ ಜಗಲಿಯನ್ನೇ ಬಿಟ್ಟುಕೊಟ್ಟರು. ಒಂದು ಕಡೆ ಕೊಪ್ಪರಿಗೆ ಕುದಿಯುತ್ತಿತ್ತು, ಒಲೆಗೆ ಸಿಪ್ಪೆ ತಳ್ಳುತ್ತಿದ್ದರು, ಇನ್ನೊಂದು ಕಡೆ ಮಗ್ಗಿ. ಮಕ್ಕಳ ನೋಟ್‌ಬುಕ್ಕೆಲ್ಲ ಅಂಟು ಅಂಟು. ಅಲ್ಲಿ ಕೆಲಸಕ್ಕಿದ್ದ ಉತ್ತರ ಪ್ರದೇಶದ ಹುಡುಗರಲ್ಲಿ ಒಬ್ಬನಿಗೆ ಢೋಲಕ್ ಬರುತ್ತಿತ್ತು. ಅವನಿಗೆ ಕನ್ನಡ ಬಾರದು, ಮೇಷ್ಟ್ರಿಗೆ ಹಿಂದಿ ಬಾರದು, ತಾಳಕ್ಕೆ ಯಾವುದೂ ಬೇಕಾಗಲಿಲ್ಲ. ಆ ಹುಡುಗನಿಗೂ, ಯಜಮಾನರಿಗೂ, ಕೂಲಿ ತೆಗೆದುಕೊಳ್ಳದೆ ಹೊಸ ಕಬ್ಬಿಣದ ಚೌಕಟ್ಟು ವೆಲ್ಡ್ ಮಾಡಿಕೊಟ್ಟ ಗ್ಯಾರೇಜಿನ ಅಣ್ಣತಮ್ಮಂದಿರಿಗೂ ಕೈಮುಗಿಯುತ್ತೇನೆ.

ದುಡ್ಡಿನ ವಿಚಾರ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಕೊಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆ ಹಣ ನಮ್ಮಂಥ ಸಣ್ಣವರ ತನಕ ಬರುವ ದಾರಿಯಲ್ಲಿ ನೋಂದಣಿ, ಫಾರಂ, ವರದಿ ಎಲ್ಲವೂ ಇವೆ. ಪುಣ್ಯಕ್ಕೆ ನಮ್ಮ ಲೆಕ್ಕಪತ್ರವನ್ನು ಪ್ರತಿ ವರ್ಷ ಫೀಸಿಲ್ಲದೆ ನೋಡಿಕೊಡುವ ಆಡಿಟರ್ ಒಬ್ಬರಿದ್ದಾರೆ, ದಾನಿಗಳಿಗೆ ತೆರಿಗೆ ರಿಯಾಯಿತಿಯ 80ಜಿ ರಸೀದಿ ಕೊಡುವ ಯೋಗ್ಯತೆ ಬಂದದ್ದು ಅವರಿಂದ. ಆದರೂ ಶಾಲೆಯನ್ನು ನಿಜವಾಗಿ ನಡೆಸುತ್ತಿರುವುದು ತಿಂಗಳಿಗೆ ಇನ್ನೂರು, ಐನೂರು ಕಳಿಸುವ ನಿವೃತ್ತ ನೌಕರರು, ಹಾಲಿನ ಡೇರಿಯವರು, ಬೆಂಗಳೂರು ಸೇರಿದ ನಮ್ಮೂರ ಹುಡುಗರು. ಬಾಡಿಗೆ, ಕರೆಂಟ್ ಬಿಲ್ಲು, ಟೀಚರಮ್ಮನ ಸಂಬಳ ಇಂಥ ಫೋಟೋಗೆ ಬಾರದ ಖರ್ಚಿಗೆ ಕೊಟ್ಟವರು ಇವರು. ಹಳೇ ಬಟ್ಟೆಯ ಮೂಟೆ ತಂದಿಳಿಸಿ ಫ್ಲೆಕ್ಸ್ ಹಿಡಿದು ನಿಲ್ಲುವವರಿಗೂ ನಮಸ್ಕಾರ, ಆದರೆ ಮಕ್ಕಳಿಗೆ ಹರಿದ ಜರತಾರಿ ಬ್ಲೌಸ್ ಬೇಡ.

ಸಣ್ಣದಾಗಿಯೇ ಇರಿ, ಬೇಗ ದೊಡ್ಡದಾಗಬೇಡಿ ಎಂದು ನಮಗೆ ಧೈರ್ಯ ಕೊಟ್ಟ ಉದಾಹರಣೆ ಹತ್ತಿರದಲ್ಲೇ ಇದೆ. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಶುರುಮಾಡಿದ ಜನಪದ ಸೇವಾ ಟ್ರಸ್ಟ್, ಅಂಗವಿಕಲ ಮಕ್ಕಳ ಆರೈಕೆ, ಖಾದಿ ನೇಯ್ಗೆ ಎಂದು ಗದ್ದಲವಿಲ್ಲದೆ ಕೆಲಸ ಮಾಡಿಕೊಂಡು ಬಂದದ್ದನ್ನು ನೋಡಿಯೇ ನಾವು ಈ ಕೆಲಸಕ್ಕೆ ಕೈಹಾಕಿದ್ದು.

ನಾಟಕದ ದಿನ ದುರ್ಯೋಧನನಾದದ್ದು ಒಂಬತ್ತರ ಹುಡುಗಿ. ಬಾಡಿಗೆ ಕಿರೀಟ ದೊಡ್ಡವರದ್ದು, ಒಳಗೆ ಟವೆಲ್ ಸುತ್ತಿಟ್ಟರೂ ಹುಬ್ಬಿನ ತನಕ ಇಳಿಯುತ್ತಿತ್ತು. ಒಂದು ಕೈಯಲ್ಲಿ ಕಿರೀಟ, ಇನ್ನೊಂದರಲ್ಲಿ ಗದೆ. ಕೃಷ್ಣ ಐದು ಊರು ಕೇಳಿದಾಗ ಕಲಿತ ಸಾಲು ಹಾರಿಹೋಯಿತೋ, ನಿಜವಾಗಿ ಸಿಟ್ಟು ಬಂತೋ, "ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ, ಹೋಗ್ರಿ!" ಎಂದು ಬಳ್ಳಾರಿ ಕನ್ನಡದಲ್ಲೇ ಗುಡುಗಿದಳು. ಹಿಂದೆ ಕೂತಿದ್ದ ಅವಳ ಕಡೆಯವರು ಶಿಳ್ಳೆ ಹೊಡೆದರು. ಕಂದ ಪದ್ಯದಲ್ಲಿ ಒಂದಕ್ಷರ ತಪ್ಪಿದರೂ ಸಿಡುಕುವ ಮೇಷ್ಟ್ರು ಪೆಟ್ಟಿಗೆಯ ಮೇಲೆ ತಲೆಯಿಟ್ಟು ನಗುತ್ತಿದ್ದರು.

ಆ ಅಪ್ಪ ಅಮ್ಮಂದಿರನ್ನು ಗದ್ದೆಯಿಂದ ನೇರ ಟ್ರ್ಯಾಕ್ಟರಿನಲ್ಲಿ ಕರೆತಂದು ರಾತ್ರಿ ಗುಡಾರಗಳಿಗೆ ಬಿಟ್ಟುಬಂದ ರೈತರಿಗೆ ಡೀಸೆಲ್ ದುಡ್ಡು ಕೊಡಲು ಹೋದೆ. ಮುಟ್ಟಲಿಲ್ಲ. ಮುಂದಿನ ಸಲ ತಮ್ಮ ಮೊಮ್ಮಗನಿಗೂ ಒಂದು ಪಾತ್ರ ಬೇಕಂತೆ. ಮೇಷ್ಟ್ರು ಬಿಡುತ್ತಾರೆಯೇ, "ನಮ್ಮೂರೋರ್ಗೆ ಫ್ರೀ ಇಲ್ಲ ಕಣ್ರಪ್ಪ" ಅಂದರು. ಚೌಕಾಸಿ ನಡೆದು ಕೊನೆಗೆ ಭೀಮನ ಪಾತ್ರಕ್ಕೆ ಒಂದು ಸೀಸನ್ನಿನ ಡೀಸೆಲ್ ಎಂದು ಒಪ್ಪಂದವಾಗಿದೆ.