ಭಾನುವಾರ ರಾಕ್ ಸಿಂಗಲ್ಸ್ ಕೇಳೋಣ, ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5 ಗಂಟೆಗೆ ಮಾಟುಂಗಾದ ನಮ್ಮ ಮನೆಯಲ್ಲಿ ಸೇರೋಣ. ಹೊಸ ರಾಕ್ ಸಿಂಗಲ್ಸ್ (ಬದಿಗೊಂದು ಹಾಡಿರುವ ರೆಕಾರ್ಡ್) ನಾಲ್ಕು ಬಂದಿವೆ, ಎಲ್ಲವೂ 7 ಇಂಚಿನ ವಿನೈಲ್ ತಟ್ಟೆಗಳು.

ಹೋದ ಸಲದ ಎಡವಟ್ಟು ನೆನಪಿದೆ ಅಲ್ವಾ? ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ತಟ್ಟೆಯನ್ನು 33ರ ವೇಗಕ್ಕೆ ಹಾಕಿ, ಗಾಯಕನಿಗೇ ನಿದ್ದೆ ಬಂದಿದೆಯೇನೋ ಅಂದುಕೊಂಡು ಅರ್ಧ ಹಾಡು ಕೇಳಿದ್ದೆವು. ತಪ್ಪು ನನ್ನದೇ. ಈ ಸಲ ನಡುವಿನ ದೊಡ್ಡ ತೂತಿಗೆ ಕೂರಿಸುವ ಅಡಾಪ್ಟರ್ ಕೂಡ ಹುಡುಕಿಟ್ಟಿದ್ದೇನೆ. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ 45ರ ತಟ್ಟೆ ತಂದಾಗಿನಿಂದಲೂ ಆ ತೂತು ಇದೆ. ಈಗ ತಟ್ಟೆ ಮಾಡುವವರಲ್ಲೂ ಕೆಲವರು ಹಾಗೇ ದೊಡ್ಡ ತೂತು ಇಡುತ್ತಾರೆ.

ಒಂದು ಬದಿ ಅಂದ್ರೆ ಮೂರ್ನಾಲ್ಕು ನಿಮಿಷ ಅಷ್ಟೇ. ಎದ್ದು ತಿರುಗಿಸುವ ಕೆಲಸ ಸರದಿಯ ಮೇಲೆ. ಬಿ ಸೈಡ್, ಅಂದ್ರೆ ತಟ್ಟೆಯ ಹಿಂಬದಿ, ಬಿಡುವಂತಿಲ್ಲ, ನನಗಂತೂ ಅದೇ ಜಾಸ್ತಿ ಇಷ್ಟ. ತಟ್ಟೆಯ ಅಂಚು ಮಾತ್ರ ಹಿಡಿಯಿರಿ. ಬಜ್ಜಿ ತಿಂದ ಕೈ ಬೇಡವೇ ಬೇಡ.

ನಿಮ್ಮಲ್ಲಿ ಹಳೇ ರೆಕಾರ್ಡ್ ಇದ್ದರೆ ತನ್ನಿ. ಮುಂಬೈ ಮಳೆಗೆ ಬೂಸ್ಟು ಹಿಡಿದಿದ್ದರೆ ಮೊದಲೇ ಹೇಳಿ, ಒರೆಸದೆ ಸೂಜಿ ಇಡುವುದಿಲ್ಲ.

ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ. ಬರುವವರು ಶನಿವಾರದೊಳಗೆ ತಿಳಿಸಿ, ಕಾಫಿಗೆ ಹಾಲು ತರಬೇಕು.