ಆ ಸಂಜೆಗಳನ್ನು ಕೊಟ್ಟವರಿಗೆ

ಹುಡುಗಿಯರಿಗೆ ವಾಲಿಬಾಲ್ ಕಲಿಸುತ್ತಿದ್ದ ಕಾಲೇಜಿನಿಂದ ಕಳೆದ ವಾರ ನಿವೃತ್ತಳಾದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿದವರೆಲ್ಲ ಕಪ್‌ಗಳ ಲೆಕ್ಕ ಹೇಳಿದರು. ಕೇಳಲು ಖುಷಿಯೇ. ಆದರೆ ನನ್ನ ಕೈಗೆ ಮೈಕ್ ಬರುವಾಗ ಊಟದ ಹೊತ್ತು ಮೀರಿತ್ತು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪುತ್ತೂರು ಕಡೆಯ ಕಾಲೇಜಿನಲ್ಲಿ ಹುಡುಗಿಯರ ವಾಲಿಬಾಲ್ ತಂಡ ಕಟ್ಟಲು ಏನು ಬೇಕು? ಎತ್ತರದ ಹುಡುಗಿಯರು ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ, ಸಂಜೆ ಬೇಕು. ಕೊನೆಯ ಪೀರಿಯಡ್ ಮುಗಿದ ಮೇಲಿನ ಒಂದೂವರೆ ಗಂಟೆ. ಹುಡುಗರಿಗೆ ಅದು ಬಿಟ್ಟಿ ಸಿಗುತ್ತದೆ. ಹುಡುಗಿಯರಿಗೆ ಅದನ್ನು ಯಾರಾದರೂ ಬಿಟ್ಟುಕೊಡಬೇಕು.

ಮೊದಲು ಬಿಟ್ಟುಕೊಟ್ಟವರು ಅಮ್ಮಂದಿರು. ನಮ್ಮಲ್ಲಿ ಎಷ್ಟು ಮನೆಗಳು ಬೀಡಿ ಕಟ್ಟಿ ಬದುಕಿವೆ ಎಂದು ಊರಿನವರಿಗೆ ಗೊತ್ತು. ಕಾಲೇಜು ಬಿಟ್ಟು ಬಂದ ಮಗಳು ಮೊರ ಹಿಡಿದು ಕೂತರೆ ವಾರದ ಮಜೂರಿಗೆ ಅಷ್ಟು ಸೇರುತ್ತಿತ್ತು. ಅವಳು ಗ್ರೌಂಡಿನಲ್ಲಿದ್ದರೆ ಅವಳ ಪಾಲಿನ ಬೀಡಿಯೂ ಅಮ್ಮನ ತಲೆಗೇ. ಒಬ್ಬ ತಾಯಿ ನನ್ನನ್ನು ಕೇಳಿದ್ದು ಇಷ್ಟೇ: "ಕತ್ತಲಾಗುವ ಮೊದಲು ಅವಳು ಬಸ್ ಹತ್ತಿದ್ದಾಳಾ ಅಂತ ನೀವು ನೋಡ್ತೀರಲ್ಲ ಮೇಡಂ?" ಮಗಳು ಡಿಗ್ರಿ ಮುಗಿಸುವವರೆಗೂ ಅವರು ಆಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ರಾತ್ರಿ ಕೂತು ಎರಡು ಪಾಲಿನ ಬೀಡಿ ಕಟ್ಟಿದರು. ಅಮ್ಮಾ, ನಿಮಗೆ ಕೈಮುಗಿಯುತ್ತೇನೆ.

ಕಾಣಿಯೂರು ಕಡೆಗೆ ಹೋಗುವ ಬಸ್ಸಿನ ಕಂಡಕ್ಟರ್ ಅಣ್ಣನನ್ನೂ ಮರೆಯುವಂತಿಲ್ಲ. ನಮ್ಮ ಹುಡುಗಿಯರು ಬ್ಯಾಗ್ ಹೊತ್ತು ಓಡಿ ಬರುವುದು ಕಂಡರೆ ಅವರು ಸೀಟಿ ಹೊಡೆಯುತ್ತಿರಲಿಲ್ಲ. ಎರಡು ನಿಮಿಷ ನಿಂತರೆ ಹಿಂದಿನ ಬಸ್ಸಿನವರ ಜತೆ ಟೈಮಿಂಗ್ ಜಗಳ ಗ್ಯಾರಂಟಿ. ನಮ್ಮ ತಂಡಕ್ಕಾಗಿ ಅತಿ ಜಾಸ್ತಿ ಬೈಸಿಕೊಂಡವರು ಅವರೇ ಇರಬೇಕು.

ಇನ್ನು ನಮ್ಮ ಅಟೆಂಡರ್. ಗಂಡಸರ ನೆಟ್ 2.43 ಮೀಟರ್, ಹೆಂಗಸರದ್ದು 2.24. ವ್ಯತ್ಯಾಸ ಒಂದು ಗೇಣೂ ಇಲ್ಲ. ಆದರೆ ದಿನಾ ಅದನ್ನು ಇಳಿಸಿ, ನಡುವೆ ಜೋಲು ಬೀಳದ ಹಾಗೆ ಹಗ್ಗ ಬಿಗಿಯಬೇಕು. "ಹುಡುಗರ ನೆಟ್ಟಿನಲ್ಲೇ ಆಡಲಿ ಬಿಡಿ" ಎಂದವರಿದ್ದರು. ಹಾಗೆ ಆಡಿದರೆ ಸ್ಮ್ಯಾಶ್ ಕಲಿಯುವುದು ಯಾವಾಗ? ಚೆಂಡನ್ನು ಸುಮ್ನೆ ಆಚೆ ದಾಟಿಸುವುದೇ ಅಭ್ಯಾಸವಾಗುತ್ತದೆ. ಅಟೆಂಡರ್ ಎರಡೂ ಕಂಬಗಳಿಗೆ ಪೇಂಟಿನಲ್ಲಿ ಗುರುತು ಹಾಕಿದರು. ನಾವು ಬರುವಷ್ಟರಲ್ಲಿ ನೆಟ್ ಇಳಿದಿರುತ್ತಿತ್ತು. ಅಳೆದು ಕಟ್ಟುವುದರಲ್ಲಿ ಹೋಗುತ್ತಿದ್ದ ಹೊತ್ತು ಆಟಕ್ಕೆ ಸಿಕ್ಕಿತು.

ನಿಯಮ ಬದಲಿಸಿದವರಿಗೂ ಒಂದು ಥ್ಯಾಂಕ್ಸ್. ಅವರು ಇದನ್ನು ಓದುವುದಿಲ್ಲ, ಇರಲಿ. ನಾನು ಕೆಲಸಕ್ಕೆ ಸೇರಿದಾಗ ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟ್. 15ರ ಸೆಟ್ ಯಾವಾಗ ಮುಗಿಯುತ್ತದೆ ಎಂದು ದೇವರಿಗೇ ಗೊತ್ತು. 2000ದ ಹೊತ್ತಿಗೆ, ಸರ್ವ್ ಯಾರದ್ದೇ ಆಗಲಿ, ಪ್ರತಿ ರ‍್ಯಾಲಿಗೂ ಪಾಯಿಂಟ್, 25ರ ಸೆಟ್ ಬಂತು. ಮ್ಯಾಚಿಗೆ ಹೋದ ದಿನ ಇಷ್ಟು ಹೊತ್ತಿಗೆ ವಾಪಸ್ ಬರುತ್ತೇವೆ ಎಂದು ಮನೆಯವರಿಗೆ ಒಂದು ಅಂದಾಜು ಹೇಳುವ ಹಾಗಾಯಿತು. ಲಿಬೆರೊ, ಅಂದರೆ ರಕ್ಷಣೆಗೆಂದೇ ಇರುವ ಆಟಗಾರ್ತಿಯ ಜಾಗ, ಬಂದದ್ದೂ ಅದೇ ಸುಮಾರಿಗೆ, 1998ರಲ್ಲಿ. ಲಿಬೆರೊ ಬ್ಲಾಕ್ ಮಾಡುವಂತಿಲ್ಲ, ನೆಟ್ಟಿಗಿಂತ ಮೇಲಿರುವ ಚೆಂಡನ್ನು ಆಚೆಗೆ ಹೊಡೆಯುವಂತಿಲ್ಲ. ಹಿಂದಿನ ಸಾಲಿನಲ್ಲಿ ನಿಂತು ಬಂದದ್ದನ್ನೆಲ್ಲ ಎತ್ತಬೇಕು. "ನಾನು ಗಿಡ್ಡ ಮೇಡಂ, ನನಗಾಗುವುದಿಲ್ಲ" ಎಂದು ಬೇಲಿಯ ಆಚೆಯೇ ನಿಲ್ಲುತ್ತಿದ್ದ ಹುಡುಗಿಯರನ್ನು ಒಳಗೆ ಕರೆಯಲು ನನಗೊಂದು ಜಾಗ ಸಿಕ್ಕಿತು. ಲಿಬೆರೊಗೆ ಬೇರೆ ಬಣ್ಣದ ಜೆರ್ಸಿ ಬೇಕಲ್ವಾ? ನಮ್ಮಲ್ಲಿ ದುಡ್ಡಿರಲಿಲ್ಲ. ಕೊಟ್ಟದ್ದು ಹುಡುಗರ ಕಬಡ್ಡಿ ತಂಡ. ಎಲ್ಲವನ್ನೂ ಒಗೆದು ಹಿಂದಿರುಗಿಸಿದ್ದೇವೆ, ಎರಡನ್ನು ಬಿಟ್ಟು.

ಮ್ಯಾಚಿಗೆ ಹೋದವರಿಗೆ ಶನಿವಾರ ಲ್ಯಾಬ್ ತೆರೆದು ಪ್ರಾಕ್ಟಿಕಲ್ ಮಾಡಿಸಿದ, ಹಾಜರಾತಿ ಕೊಟ್ಟ ಉಪನ್ಯಾಸಕರಿಗೆ ಧನ್ಯವಾದ. ಮಳೆಗಾಲದಲ್ಲಿ ಗ್ರೌಂಡ್ ಕೆಸರಾದಾಗ ಸಭಾಂಗಣದ ಗೋಡೆಗೆ ಚೆಂಡು ಹೊಡೆಯಲು ಬಿಟ್ಟ ಪ್ರಿನ್ಸಿಪಾಲರಿಗೂ.

ನನ್ನ ಸಂಜೆಯನ್ನೂ ಒಬ್ಬರು ಕೊಟ್ಟಿದ್ದಾರೆ. ಅತ್ತೆ. ಅವರು ನನ್ನ ಮಕ್ಕಳಿಗೆ ಕಾಫಿ ತಿಂಡಿ ಕೊಟ್ಟು, ಮಗ್ಗಿ ಹೇಳಿಸಿ, ದೀಪ ಹಚ್ಚಿದ ಮೇಲೆ ನಾನು ಮನೆ ಸೇರುತ್ತಿದ್ದೆ. "ಈ ಹೊತ್ತಿಗಾ ಬರುವುದು?" ಎಂದು ಅವರು ಕೇಳಿದ್ದು ನೆನಪಿಲ್ಲ. "ಗೆದ್ದರಾ?" ಎಂದು ಕೇಳುತ್ತಿದ್ದರು.

ಇನ್ನು ನನ್ನ ಹುಡುಗಿಯರು. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕವರ ಫೋಟೊ ಕಾಲೇಜಿನ ಗೋಡೆಯ ಮೇಲಿದೆ, ಅದು ಸರಿಯೇ. ಒಂದು ಸೆಟ್ ಕೂಡ ಆಡಲು ಸಿಗದೆ, ಆದರೂ ದಿನಾ ಬಂದು ಅಟ್ಯಾಕರ್‌ಗಳಿಗೆ ಚೆಂಡು ಎತ್ತಿಕೊಟ್ಟ ಬೆಂಚಿನ ಹುಡುಗಿಯರೇ, ಆ ಗೋಡೆಯಲ್ಲಿ ನಿಮ್ಮ ಫೋಟೊ ಇಲ್ಲ ಎಂಬುದು ನನಗೆ ಇವತ್ತಿಗೂ ಸಮಾಧಾನವಿಲ್ಲ. ನೀವಿಲ್ಲದೆ ಆರು ಜನ ಯಾರ ಎದುರು ಅಭ್ಯಾಸ ಮಾಡುತ್ತಿದ್ದರು?

ಹಾಂ, ಒಂದು ಕೆಲಸದ ಮಾತು. ಬೀರು ಖಾಲಿ ಮಾಡುವಾಗ ನಿಮ್ಮಲ್ಲಿ ಕೆಲವರ ಸರ್ಟಿಫಿಕೇಟ್‌ಗಳು ಸಿಕ್ಕಿವೆ. ಗೆದಲು ಹಿಡಿದಿಲ್ಲ. ಮನೆಗೆ ಬಂದು ತೆಗೆದುಕೊಂಡು ಹೋಗಿ. ಸಂಜೆ ಬನ್ನಿ, ಈಗ ನಾನು ಮನೆಯಲ್ಲೇ ಇರುತ್ತೇನೆ.